ಅಪ್ಪನಿಗೆ 79, ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ: ಈ ವಯಸ್ಸಿನಲ್ಲಿ ಆಪರೇಷನ್ ಮಾಡಿಸಬಹುದಾ?

ಹಿರಿಮಗಳು:
ಅಪ್ಪನಿಗೆ 79 ವರ್ಷ. ಬಿದ್ದು ಪಕ್ಕೆಗೆ ಪೆಟ್ಟಾಗಿದೆ ಅಂತ ತೆಗೆಸಿದ ಸಿಟಿ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 1.8 ಸೆಂಟಿಮೀಟರ್ ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಅನ್ನುವ ಬಗೆಯ ಕ್ಯಾನ್ಸರ್ ಅಂತ ಬಂದಿದೆ. ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಏನೂ ಕಂಡಿಲ್ಲ, ಮೊದಲ ಹಂತ ಅಂದಿದ್ದಾರೆ. ಒಬ್ಬ ಸರ್ಜನ್ ಆ ಲೋಬ್, ಅಂದರೆ ಶ್ವಾಸಕೋಶದ ಆ ದೊಡ್ಡ ಭಾಗವನ್ನೇ, ತೆಗೆದುಬಿಡೋಣ ಅಂತಾರೆ. ಇನ್ನೊಬ್ಬ ಡಾಕ್ಟರು ರಿಪೋರ್ಟು ಪೂರ್ತಿ ನೋಡುವ ಮುಂಚೆಯೇ ಹುಟ್ಟಿದ ವರ್ಷ ಕೇಳಿ, ಎಂಬತ್ತರ ಹತ್ತಿರದವರಿಗೆ ಆಪರೇಷನ್ ಬೇಡ, ರೇಡಿಯೇಷನ್ ಕೊಡಿಸಿ ಅಂದರು. ಮನೆಯಲ್ಲಿ ಎರಡು ಪಾಳಯ ಆಗಿದೆ. ತಮ್ಮ ಆಪರೇಷನ್ ಪರ, ಅಮ್ಮ ವಿರೋಧ. ಅಪ್ಪ ಸುಮ್ಮನಿದ್ದಾರೆ. ಇಂಥ ವಯಸ್ಸಿನವರಿಗೆ ಮಾಡಿಸಿದವರು, ಮಾಡಿಸದೆ ಬಿಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎದೆಗೂಡು:
ನಾನು ಎದೆಯ ಶಸ್ತ್ರಚಿಕಿತ್ಸೆ ಮಾಡುವವನು. ಸ್ಕ್ಯಾನ್ ಕಣ್ಣಾರೆ ನೋಡದೆ ಹೀಗೇ ಮಾಡಿಸಿ ಅಂತ ಹೇಳಲಾರೆ. ಆದರೆ ವಯಸ್ಸೊಂದನ್ನೇ ಕೇಳಿ ಬೇಡ ಅಂದಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಬರುವುದೇ ಎಪ್ಪತ್ತರ ಆಸುಪಾಸಿನಲ್ಲಿ. ವಯಸ್ಸನ್ನೇ ಗೆರೆ ಮಾಡಿಕೊಂಡರೆ ನಮ್ಮ ರೋಗಿಗಳಲ್ಲಿ ಅರ್ಧದಷ್ಟು ಜನ ಗೆರೆಯ ಆಚೆಗೇ ಉಳಿದುಬಿಡುತ್ತಾರೆ. ನೋಡಬೇಕಾದದ್ದು ಉಸಿರು, ಹೃದಯ, ಕಾಲಿನ ಬಲ, ತಲೆಯ ಚುರುಕು. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪನಿಗೆ ಏನು ಬೇಕು ಅನ್ನುವುದು.

ಉಸಿರಿನ ಪರೀಕ್ಷೆ ಆಗಿದೆಯಾ? ಅದರಲ್ಲಿ ಎರಡು ಸಂಖ್ಯೆ ಮುಖ್ಯ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಹಾಕುತ್ತಾರೆ ಅನ್ನುವ ಎಫ್‌ಇವಿ1, ಮತ್ತು ಗಾಳಿ ರಕ್ತಕ್ಕೆ ಎಷ್ಟು ಚೆನ್ನಾಗಿ ದಾಟುತ್ತದೆ ಅನ್ನುವ ಡಿಎಲ್‌ಸಿಒ. ಎರಡನ್ನೂ ಶೇಕಡಾದಲ್ಲಿ ಬರೆದಿರುತ್ತಾರೆ, ಇಲ್ಲಿ ಹಾಕಿ.

ಹಿರಿಮಗಳು:
ಮೊದಲನೆಯದು 72, ಎರಡನೆಯದು 58. ಸಿಗರೇಟು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಬಿಪಿ, ಸಕ್ಕರೆ ಎರಡಕ್ಕೂ ಮಾತ್ರೆ ಇದೆ. ಹೃದಯದ ಎಕೋ ಚೆನ್ನಾಗಿದೆ ಅಂದರು. ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಏರು ಬಂದರೆ ಮಾತ್ರ ನಿಧಾನ.

ಎದೆಗೂಡು:
ಹಾಗಾದರೆ ಲೆಕ್ಕ ಹಾಕೋಣ. ಈ ಲೆಕ್ಕ ಮನೆಯವರಿಗೂ ಗೊತ್ತಿರುವುದು ಒಳ್ಳೆಯದು. ಎರಡೂ ಶ್ವಾಸಕೋಶ ಸೇರಿ 19 ಸೆಗ್ಮೆಂಟು, ಅಂದರೆ ಲೋಬ್‌ಗಳ ಒಳಗಿನ ಚಿಕ್ಕ ಭಾಗಗಳು, ಅಂತ ಹಿಡಿಯುತ್ತೇವೆ, ಬಲಕ್ಕೆ 10, ಎಡಕ್ಕೆ 9. ಬಲ ಮೇಲಿನ ಲೋಬ್‌ನಲ್ಲಿ 3 ಇವೆ. ಅದನ್ನು ಪೂರ್ತಿ ತೆಗೆದರೆ ಉಳಿಯುವುದು 16. 72ನ್ನು 16ರಿಂದ ಗುಣಿಸಿ 19ರಿಂದ ಭಾಗಿಸಿದರೆ ಸುಮಾರು 60.6 ಬರುತ್ತದೆ. 58ಕ್ಕೆ ಹಾಗೇ ಮಾಡಿದರೆ ಸುಮಾರು 49. ಆಪರೇಷನ್ ಆದಮೇಲೆ ಅಪ್ಪನ ಬಳಿ ಉಳಿಯುವ ಉಸಿರಿನ ಅಂದಾಜು ಇದು.

ಎರಡೂ 60ಕ್ಕಿಂತ ಮೇಲಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ, ಅಪಾಯ ಕಡಿಮೆ. ಯಾವುದಾದರೂ ಒಂದು 30ಕ್ಕಿಂತ ಕೆಳಗಿಳಿದರೆ ಮುಖಕ್ಕೆ ಮಾಸ್ಕ್ ಹಾಕಿ ಸೈಕಲ್ ತುಳಿಸುವ ಪೂರ್ಣ ವ್ಯಾಯಾಮ ಪರೀಕ್ಷೆ ಆಗಲೇಬೇಕು. ನಿಮ್ಮ ಅಪ್ಪ ನಡುವೆ ಇದ್ದಾರೆ. ಇವರಿಗೆ ಮೊದಲು ಮೆಟ್ಟಿಲು ಹತ್ತಿಸಿ ನೋಡುವುದೋ ಶಟಲ್ ವಾಕ್, ಅಂದರೆ ಎರಡು ಗುರುತುಗಳ ನಡುವೆ ವೇಗ ಹೆಚ್ಚಿಸುತ್ತಾ ಹಿಂದೆ ಮುಂದೆ ನಡೆಯುವುದು, ಮಾಡಿಸುವುದೋ ರೂಢಿ. 22 ಮೀಟರ್ ಎತ್ತರ, ಅಂದರೆ ಸಾಮಾನ್ಯ ಕಟ್ಟಡದಲ್ಲಿ ಆರೇಳು ಮಹಡಿ, ಹತ್ತಲಾದರೆ ಅಥವಾ ಶಟಲ್ ವಾಕ್‌ನಲ್ಲಿ 400 ಮೀಟರ್ ದಾಟಿದರೆ ಧೈರ್ಯವಾಗಿ ಮುಂದುವರಿಯಬಹುದು. ಆಗದಿದ್ದರೆ ಬಾಗಿಲು ಮುಚ್ಚಿತು ಅಂತಲ್ಲ, ಆ ದೊಡ್ಡ ಪರೀಕ್ಷೆಗೆ ಹೋಗಬೇಕು ಅಂತ. ಅದರಲ್ಲಿ ದೇಹ ಬಳಸುವ ಆಮ್ಲಜನಕ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 10 ಮಿಲಿಲೀಟರ್‌ಗಿಂತ ಕಡಿಮೆ ಬಂದರೆ ಲೋಬ್ ತೆಗೆಯುವ ಮಾತನ್ನು ನಾನು ಎತ್ತುವುದಿಲ್ಲ. 20ಕ್ಕಿಂತ ಹೆಚ್ಚಿದ್ದರೆ ನಿಶ್ಚಿಂತೆ.

ಮನೆಯ ಮೆಟ್ಟಿಲಲ್ಲಿ ನೀವೇ ಈ ಪರೀಕ್ಷೆ ಮಾಡಬೇಡಿ. ಆಸ್ಪತ್ರೆಯಲ್ಲಿ, ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿ, ಪಕ್ಕದಲ್ಲಿ ಒಬ್ಬರು ನಿಂತೇ ಮಾಡಿಸಬೇಕು.

ದೇವಕಣಗಿಲೆ:
ನಾನು ಬೇಡ ಅನ್ನುವವಳು, ಕಾರಣ ಹೇಳುತ್ತೇನೆ. ನಮ್ಮ ದೊಡ್ಡಪ್ಪನಿಗೆ 77ಕ್ಕೆ ಎಡ ಕೆಳಗಿನ ಲೋಬ್ ತೆಗೆದರು. ಆಪರೇಷನ್ ಸಕ್ಸಸ್ ಅಂದರು, ಕ್ಯಾನ್ಸರ್ ಪೂರ್ತಿ ಹೋಗಿದೆ ಅಂದರು. ಎರಡನೇ ರಾತ್ರಿಯಿಂದ ಗೊಂದಲ ಶುರುವಾಯಿತು. ಟ್ಯೂಬ್ ಕಿತ್ತುಕೊಳ್ಳಲು ಹೋಗುವುದು, ದೊಡ್ಡಮ್ಮನನ್ನೇ ಯಾರು ನೀನು ಅನ್ನುವುದು. ಆಮೇಲೆ ನ್ಯುಮೋನಿಯ. ಮನೆಗೆ ಬಂದರು, ಆದರೆ ಮನೆಗೆ ಬಂದದ್ದು ನಮ್ಮ ದೊಡ್ಡಪ್ಪ ಆಗಿರಲಿಲ್ಲ. ಮಂಚದಿಂದ ಕುರ್ಚಿ, ಕುರ್ಚಿಯಿಂದ ಮಂಚ. ಮೂರನೇ ತಿಂಗಳು ಮುಗಿಯುವ ಮುಂಚೆ ಹೋಗಿಬಿಟ್ಟರು. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಗೆದ್ದವರು, ಯಾಕೆಂದರೆ ಒಂದು ತಿಂಗಳ ಒಳಗೆ ಸಾಯಲಿಲ್ಲ. ಉಸಿರಿನ ನಂಬರು ಚೆನ್ನಾಗಿಯೇ ಇತ್ತು. ಆ ನಂಬರು ಮಾತ್ರ ನೋಡಿ ಹೊರಡಬೇಡಿ.

ಸಂಧ್ಯಾಕಿರಣ:
ದೇವಕಣಗಿಲೆ ಅವರ ಮಾತನ್ನು ಯಾರೂ ದಾಟಿ ಹೋಗಬೇಡಿ. ನಾನು ವೃದ್ಧರ ವೈದ್ಯ. ಅವರು ಹೇಳಿದ ಎರಡು ವಿಷಯ ಅಕ್ಷರಶಃ ನಿಜ.

ಒಂದು, 30 ದಿನದ ಸಾವಿನ ಲೆಕ್ಕ ಅರ್ಧ ಕಥೆ. ಶ್ವಾಸಕೋಶದ ಆಪರೇಷನ್ ಆದವರಲ್ಲಿ 90 ದಿನದ ಸಾವಿನ ಪ್ರಮಾಣ 30 ದಿನದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಸರ್ಜನ್‌ಗೆ ಕೇಳುವಾಗ 90 ದಿನದ್ದನ್ನೇ ಕೇಳಿ. ಜೊತೆಗೆ, ಎಂಬತ್ತರ ಆಸುಪಾಸಿನವರಲ್ಲಿ ಎಷ್ಟು ಜನ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಮರಳಿದರು ಅಂತಲೂ ಕೇಳಿ.

ಎರಡು, ಉಸಿರಿನ ಪರೀಕ್ಷೆ ದೇಹದ ಬಳಲಿಕೆಯನ್ನು ಅಳೆಯುವುದಿಲ್ಲ. ನಾವು ಫ್ರೇಲ್ಟಿ, ಅಂದರೆ ವಯಸ್ಸಿನಿಂದ ದೇಹ ಸೊರಗಿ ಪೆಟ್ಟು ತಡೆಯುವ ಶಕ್ತಿ ಕುಗ್ಗುವುದು, ಅನ್ನುವುದು ಬೇರೆಯೇ. ಕಳೆದ ಆರು ತಿಂಗಳಲ್ಲಿ ತೂಕ ಇಳಿದಿದೆಯಾ? ಬಿದ್ದಿದ್ದಾರಾ? ಕುರ್ಚಿಯಿಂದ ಕೈ ಊರದೆ ಏಳುತ್ತಾರಾ? ತಮ್ಮ ಮಾತ್ರೆ ತಾವೇ ನೆನಪಿಟ್ಟು ತೆಗೆದುಕೊಳ್ಳುತ್ತಾರಾ? ನಾಲ್ಕು ಮೀಟರ್ ಮಾಮೂಲಿ ನಡಿಗೆಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಾನು ಜಾಗ್ರತೆಯಾಗುತ್ತೇನೆ. ಜಿ8 ಅಂತ ಎಂಟು ಪ್ರಶ್ನೆಗಳ ಪರೀಕ್ಷೆ ಇದೆ, ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೂರ್ಣ ವೃದ್ಧಾಪ್ಯ ಪರಿಶೀಲನೆ ಆಗಬೇಕು. ಹತ್ತು ನಿಮಿಷದ ಕೆಲಸ ಇದು, ಆದರೂ ಬಹಳ ಕಡೆ ಮಾಡುವುದೇ ಇಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಿರಿಮಗಳೇ, ಅಪ್ಪ ಬಿದ್ದದ್ದು ಹೇಗೆ ಅಂತ ವಿಚಾರಿಸಿದಿರಾ? ಎಡವಿ ಬೀಳುವುದು ಬೇರೆ, ಎದ್ದಾಗ ತಲೆ ಸುತ್ತಿ ಬೀಳುವುದು ಬೇರೆ.

ಹಿರಿಮಗಳು:
ಕೇಳಿದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಕಟ್ಟಿತಂತೆ. ಇದು ಯಾರಿಗೂ ಗೊತ್ತೇ ಇರಲಿಲ್ಲ. ಬಿಪಿ ಡಾಕ್ಟರಿಗೆ ತೋರಿಸಿದೆವು, ನಿಂತಾಗ ಬಿಪಿ ತುಂಬಾ ಇಳಿಯುತ್ತಿತ್ತು. ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ. ಥ್ಯಾಂಕ್ಸ್ ಸರ್. ತೂಕ ಇಳಿದಿಲ್ಲ, ಕೈ ಊರದೆ ಏಳುತ್ತಾರೆ, ಲೆಕ್ಕಪತ್ರ ಎಲ್ಲ ಈಗಲೂ ಅವರೇ ನೋಡುವುದು.

ಕಿಟಕಿ:
ರೇಡಿಯೇಷನ್ ಬಗ್ಗೆಯೂ ಯಾರಾದರೂ ಹೇಳಿ. ನಮ್ಮ ಅತ್ತೆಗೆ 84. ಉಸಿರು ತೀರಾ ಕಮ್ಮಿ ಅಂತ ಎಸ್‌ಬಿಆರ್‌ಟಿ, ಅಂದರೆ ಗಡ್ಡೆಗೇ ಗುರಿಯಿಟ್ಟು ಕೆಲವೇ ಸಲ ಕೊಡುವ ಜೋರು ರೇಡಿಯೇಷನ್, ಕೊಡಿಸಿದೆವು. ಕತ್ತರಿಸಲಿಲ್ಲ, ಅಡ್ಮಿಟ್ ಮಾಡಲಿಲ್ಲ. ಬಂದರು, ಮಲಗಿದರು, ಹೋದರು. ಸ್ವಲ್ಪ ಸುಸ್ತು, ಕೆಲವು ತಿಂಗಳ ನಂತರ ಒಣ ಕೆಮ್ಮು, ಅಷ್ಟೇ. ಅಷ್ಟು ಸುಲಭ ಇರುವಾಗ ಕತ್ತರಿ ಯಾಕೆ ಅಂತ ನನಗೂ ಅನಿಸುತ್ತದೆ.

ಕಿರಣಚಿಕಿತ್ಸೆ:
ನಾನು ರೇಡಿಯೇಷನ್ ಕೊಡುವವಳು, ಆದ್ದರಿಂದ ನನ್ನ ಒಲವು ಯಾವ ಕಡೆ ಅಂತ ಎಲ್ಲರೂ ಊಹಿಸಬಹುದು. ಆದರೂ ನೇರವಾಗಿ ಹೇಳುತ್ತೇನೆ.

ಆಪರೇಷನ್ ಮಾಡಲಾಗದವರಿಗೆ ಎಸ್‌ಬಿಆರ್‌ಟಿ ದೊಡ್ಡ ವರ. 2010ರಲ್ಲಿ ಬಂದ ಆರ್‌ಟಿಒಜಿ 0236 ಅಧ್ಯಯನದಲ್ಲಿ ಮೂರೇ ಸಿಟ್ಟಿಂಗ್‌ನಲ್ಲಿ ಕೊಟ್ಟ ಕಿರಣಕ್ಕೆ, ಮೂರು ವರ್ಷದ ನಂತರವೂ ಮೂಲ ಗಡ್ಡೆ ಶೇ 97.6ರಷ್ಟು ಜನರಲ್ಲಿ ಹತೋಟಿಯಲ್ಲಿತ್ತು. ಆದರೆ ಅದೇ ಮೂರು ವರ್ಷಕ್ಕೆ ಬದುಕಿದ್ದವರು ಶೇ 55.8. ಗಡ್ಡೆ ಸೋತರೂ ರೋಗಿಗಳು ಉಳಿಯಲಿಲ್ಲ ಯಾಕೆ? ಅವರೆಲ್ಲ ಮೊದಲೇ ಆಪರೇಷನ್‌ಗೆ ಆಗದಷ್ಟು ಬೇರೆ ಕಾಯಿಲೆ ಇದ್ದವರು. ಕೆಲವರಲ್ಲಿ ಕ್ಯಾನ್ಸರ್ ಬೇರೆ ಕಡೆ ಎದ್ದಿತು.

ಆಪರೇಷನ್ ತಡೆದುಕೊಳ್ಳಬಲ್ಲ ಗಟ್ಟಿಮುಟ್ಟಾದವರಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸಿ ಹೋಲಿಸುವ ಪ್ರಯತ್ನಗಳು ಜನ ಸಿಗದೆ ನಿಂತುಹೋದವು. ಸ್ಟಾರ್ಸ್ ಮತ್ತು ರೋಸೆಲ್ ಎಂಬ ಎರಡು ಪ್ರಯೋಗಗಳನ್ನು 2015ರಲ್ಲಿ ಒಟ್ಟು ಸೇರಿಸಿದಾಗ ಇದ್ದವರು 58 ಜನ ಮಾತ್ರ. ಫಲಿತಾಂಶ ರೇಡಿಯೇಷನ್ ಪರವಾಗಿಯೇ ಇತ್ತು, ಆದರೆ 58 ಜನರ ಮೇಲೆ ತೀರ್ಪು ಕೊಡಲು ನಾನು ತಯಾರಿಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಆಪರೇಷನ್‌ನಲ್ಲಿ ಗಂಟುಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಪೆಟ್ ಸ್ಕ್ಯಾನ್‌ಗೆ ಕಾಣದ ಕಣ ಕೆಲವೊಮ್ಮೆ ಅಲ್ಲಿ ಸಿಗುತ್ತದೆ, ಆಗ ಮುಂದಿನ ಔಷಧಿಯ ಹಾದಿಯೇ ಬದಲಾಗುತ್ತದೆ. ನಮ್ಮ ಕಿರಣಕ್ಕೆ ಆ ಮಾಹಿತಿ ಸಿಗುವುದಿಲ್ಲ. ಹಾಗೆಯೇ ಗಡ್ಡೆ ದೊಡ್ಡ ಶ್ವಾಸನಾಳಗಳಿಗೆ ಎರಡು ಸೆಂಟಿಮೀಟರ್ ಒಳಗೆ ಅಂಟಿಕೊಂಡಿದ್ದರೆ ನಾವೂ ಹೆದರುತ್ತೇವೆ, ಕಿರಣವನ್ನು ಹೆಚ್ಚು ಸಿಟ್ಟಿಂಗ್‌ಗಳಿಗೆ ಹಂಚಬೇಕಾಗುತ್ತದೆ. ಈ ಅಪ್ಪನ ಗಡ್ಡೆ ಅಂಚಿನಲ್ಲಿದೆಯೋ ನಡುವೆ ಇದೆಯೋ?

ಹಿರಿಮಗಳು:
ಅಂಚಿನಲ್ಲಿದೆ ಅಂತ ರಿಪೋರ್ಟಿನಲ್ಲಿದೆ.

ಎದೆಗೂಡು:
ಹಾಗಿದ್ದರೆ ಸರ್ಜನ್‌ಗೆ ಇನ್ನೊಂದು ಪ್ರಶ್ನೆ ಖಂಡಿತ ಕೇಳಿ: ಪೂರ್ತಿ ಲೋಬ್ ಯಾಕೆ, ಸೆಗ್ಮೆಂಟ್ ಮಾತ್ರ ತೆಗೆದರೆ ಸಾಲದೇ?

ಹಿನ್ನೆಲೆ ಹೇಳುತ್ತೇನೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವಾರ್ಟ್ಸ್ ಗ್ರಹಾಂ ಅವರು ಕ್ಯಾನ್ಸರ್‌ಗಾಗಿ ಒಂದು ಶ್ವಾಸಕೋಶವನ್ನೇ ಪೂರ್ತಿ ತೆಗೆದರು. ಆ ರೋಗಿ ಸ್ವತಃ ವೈದ್ಯ, ಒಂದೇ ಶ್ವಾಸಕೋಶದಲ್ಲಿ 1963ರವರೆಗೆ ಬದುಕಿದ್ದರು. ಅಲ್ಲಿಂದ ಮುಂದೆ ನಮ್ಮ ವಿದ್ಯೆ ಹಂತಹಂತವಾಗಿ ಕಡಿಮೆ ಕತ್ತರಿಸುವ ಕಡೆಗೆ ಬಂದಿದೆ. ಮೊದಲು ಇಡೀ ಶ್ವಾಸಕೋಶ, ಆಮೇಲೆ ಲೋಬ್. 1995ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಚಿಕ್ಕದಾಗಿ ಕತ್ತರಿಸಿದವರಿಗೆ ಅದೇ ಜಾಗದಲ್ಲಿ ರೋಗ ಮರಳುವುದು ಹೆಚ್ಚು ಅಂತ ಕಂಡಿತು. ಹಾಗಾಗಿ ಕಾಲು ಶತಮಾನ ಲೋಬ್ ತೆಗೆಯುವುದೇ ನಿಯಮವಾಯಿತು. ಈಗ ಎರಡು ದೊಡ್ಡ ಪ್ರಯೋಗ ಆ ನಿಯಮವನ್ನು ಸಡಿಲಿಸಿವೆ. 2022ರಲ್ಲಿ ಪ್ರಕಟವಾದ ಜಪಾನಿನ ಜೆಸಿಒಜಿ 0802ರಲ್ಲಿ 1106 ಜನರಿದ್ದರು, ಎಲ್ಲರಿಗೂ ಅಂಚಿನಲ್ಲಿರುವ 2 ಸೆಂಟಿಮೀಟರ್ ಒಳಗಿನ ಗಡ್ಡೆ. ಐದು ವರ್ಷಕ್ಕೆ ಸೆಗ್ಮೆಂಟ್ ತೆಗೆದವರಲ್ಲಿ ಶೇ 94.3, ಲೋಬ್ ತೆಗೆದವರಲ್ಲಿ ಶೇ 91.1 ಬದುಕಿದ್ದರು. ಅದೇ ಜಾಗದಲ್ಲಿ ರೋಗ ಮರಳಿದ್ದು ಮಾತ್ರ ಸೆಗ್ಮೆಂಟ್ ಗುಂಪಿನಲ್ಲಿ ಹೆಚ್ಚು, ಶೇ 10.5, ಇನ್ನೊಂದರಲ್ಲಿ 5.4. ರೋಗ ಹೆಚ್ಚು ಮರಳಿದರೂ ಜನ ಹೆಚ್ಚು ಬದುಕಿದರು. ಲೋಬ್ ಕಳೆದುಕೊಂಡವರಲ್ಲಿ ಬೇರೆ ಕಾರಣಕ್ಕೆ ಸತ್ತವರು ಜಾಸ್ತಿ. ಉಳಿದ ಶ್ವಾಸಕೋಶ ಮುಂದಿನ ಕಾಯಿಲೆಗಳನ್ನು ಎದುರಿಸಲು ಬೇಕಾಗುತ್ತದೆ ಅಂತ ನಾನು ಅರ್ಥಮಾಡಿಕೊಂಡಿದ್ದೇನೆ. ವಯಸ್ಸಾದವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. 2023ರ ಸಿಎಎಲ್‌ಜಿಬಿ 140503 ಪ್ರಯೋಗವೂ 697 ಜನರಲ್ಲಿ ಚಿಕ್ಕ ಆಪರೇಷನ್ ಲೋಬ್ ತೆಗೆಯುವುದಕ್ಕಿಂತ ಕಳಪೆಯಲ್ಲ ಅಂತ ತೋರಿಸಿತು.

ಆದರೆ ಷರತ್ತು ಇದೆ. ಗಡ್ಡೆಯ ಸುತ್ತ ಸಾಕಷ್ಟು ಆರೋಗ್ಯವಂತ ಅಂಚು ಬರಬೇಕು, ಗಂಟುಗಳನ್ನು ತೆಗೆದು ಪರೀಕ್ಷಿಸಲೇಬೇಕು. ಮತ್ತು ಈ ಪ್ರಯೋಗಗಳಲ್ಲಿದ್ದವರ ನಡು ವಯಸ್ಸು 67ರ ಆಸುಪಾಸು, ಲೋಬ್ ತೆಗೆದರೂ ತಡೆದುಕೊಳ್ಳಬಲ್ಲವರು. 79ಕ್ಕೆ ಅದನ್ನು ಹಾಗೆಯೇ ಹಚ್ಚಲು ಬರುವುದಿಲ್ಲ, ದಿಕ್ಕು ಮಾತ್ರ ತೋರುತ್ತದೆ.

ಒಂದೇ ಸೆಗ್ಮೆಂಟ್ ಹೋದರೆ ಅಪ್ಪನ ಲೆಕ್ಕ 68 ಮತ್ತು 55 ಆಗುತ್ತದೆ. ಲೋಬ್ ಹೋದರೆ ಬಂದ 61 ಮತ್ತು 49ರ ಪಕ್ಕ ಇಟ್ಟು ನೋಡಿ.

ನಡಿಗೆ:
ಫಿಸಿಯೋ ಆಗಿ ನನ್ನದೊಂದು ಸೇರಿಸುತ್ತೇನೆ. ಯಾವುದೇ ನಿರ್ಧಾರ ಆಗಲಿ, ಇವತ್ತಿನಿಂದಲೇ ತಯಾರಿ ಶುರು ಮಾಡಿ. ದಿನಾ ಎರಡು ಹೊತ್ತು ನಡಿಗೆ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ವೇಗದಲ್ಲಿ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಮೂರು ಚೆಂಡಿನ ಆ ಉಸಿರಾಟದ ಸಾಧನದಲ್ಲಿ ನಿಧಾನವಾಗಿ ಒಳಗೆಳೆದು ಹಿಡಿಯುವುದು. ಬಹಳ ಜನ ಅದನ್ನು ಊದುತ್ತಾರೆ, ಊದುವುದಲ್ಲ, ಎಳೆಯಬೇಕು. ಎರಡು ಮೂರು ವಾರ ಮಾಡಿದರೂ ಆಪರೇಷನ್ ನಂತರದ ಕಫ, ನ್ಯುಮೋನಿಯ ಕಡಿಮೆಯಾಗುತ್ತದೆ, ಆಸ್ಪತ್ರೆ ವಾಸ ಇಳಿಯುತ್ತದೆ. ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮುವುದನ್ನು ಮೊದಲೇ ಕಲಿಸಿ. ನೋವು ಬಂದಮೇಲೆ ಕಲಿಸಲು ಹೋದರೆ ಅವರು ಕೆಮ್ಮುವುದೇ ಇಲ್ಲ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಇನ್ನೂ ಸೇದುತ್ತಿದ್ದರೆ ನಾಲ್ಕು ವಾರ ಮೊದಲಾದರೂ ಬಿಡಿ. ಅಷ್ಟು ಸಮಯ ಇಲ್ಲದಿದ್ದರೆ ಇವತ್ತೇ ಬಿಡಿ.

ಎಂಬತ್ತೊಂದು:
ನಾನೇ ಮಾಡಿಸಿಕೊಂಡವನು, ಹೆಸರಿನಲ್ಲೇ ವಯಸ್ಸಿದೆ. ಎಡ ಮೇಲಿನ ಭಾಗದಲ್ಲಿ ಒಂದು ತುಂಡು, ಮೂರು ಚಿಕ್ಕ ತೂತಿನಿಂದ. ನೋವಿಗಿಂತ ಕಷ್ಟ ಆದದ್ದು ಆ ಡ್ರೈನ್. ಪಕ್ಕೆಯ ಸಂದಿಯಲ್ಲಿ ಕೊಳವೆ, ಅದರ ತುದಿಗೆ ನೀರಿನ ಡಬ್ಬಿ, ಕೆಮ್ಮಿದಾಗೆಲ್ಲ ಗುಳುಗುಳು ಗುಳ್ಳೆ. ಗಾಳಿ ಸೋರುವುದು ನಿಲ್ಲುವವರೆಗೆ ತೆಗೆಯುವುದಿಲ್ಲ ಅಂದರು, ನನಗೆ ವಾರ ಹಿಡಿಯಿತು. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಾರ್ಡ್ ತುಂಬಾ ನಡೆದೆ. ತೆಗೆದ ಕ್ಷಣ ಅರ್ಧ ನೋವು ಹೋಯಿತು. ಆ ಕಡೆಯ ಎದೆಯ ಮೇಲೆ ಈಗಲೂ ಜೋಮು ಹಿಡಿದ ಹಾಗಿದೆ, ಬಟ್ಟೆ ತಾಗಿದರೆ ಚುರ್ ಅನ್ನುತ್ತದೆ. ಸಹಿಸಬಹುದು.

ಅಮ್ಮ, ನಿಮ್ಮ ಅಪ್ಪ ಸುಮ್ಮನಿದ್ದಾರೆ ಅಂದಿರಿ. ನಾನೂ ಸುಮ್ಮನಿದ್ದೆ. ಮಕ್ಕಳು ಎದುರಿಗೇ ಕೂತು ನನ್ನ ಬಗ್ಗೆ ಮಾತಾಡುತ್ತಿದ್ದರು, ನನ್ನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿ.

ಹಿರಿಮಗಳು:
ಕೇಳಿದೆ. ಬಹಳ ಹೊತ್ತು ಮಾತಾಡಿದರು. ಸಾವಿಗೆ ಹೆದರಿಲ್ಲವಂತೆ, ಹಾಸಿಗೆ ಹಿಡಿಯುವುದಕ್ಕೆ ಹೆದರಿಕೆ. "ಗಡ್ಡೆ ಒಳಗೆ ಇಟ್ಟುಕೊಂಡು ಪ್ರತಿ ಸ್ಕ್ಯಾನಿಗೂ ನಡುಗೋದು ನನ್ನಿಂದ ಆಗಲ್ಲ, ತೆಗೆಸಿ. ಆದರೆ ಕಡಿಮೆ ತೆಗೆಸಿ" ಅಂದರು. ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇಡಬೇಡಿ ಅಂತಲೂ ಅಂದರು. ಅಮ್ಮನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. ಮೆಟ್ಟಿಲು ಪರೀಕ್ಷೆ ಆಯಿತು, ನಡುವೆ ಒಮ್ಮೆ ನಿಂತರೂ 22 ಮೀಟರ್ ದಾಟಿದರು. ಜಿ8ರಲ್ಲಿ 15. ಸೆಗ್ಮೆಂಟ್ ತೆಗೆಯಲು ಸರ್ಜನ್ ಒಪ್ಪಿದ್ದಾರೆ, ಕ್ಯಾಮೆರಾ ಹಾಕಿ ಮಾಡುತ್ತಾರಂತೆ. ಮೊದಲ ಕೆಲವು ದಿನ ನಾವು ಏನು ಗಮನಿಸಬೇಕು?

ಸಂಧ್ಯಾಕಿರಣ:
ವೆಂಟಿಲೇಟರ್ ಮಾತನ್ನು ಆಪರೇಷನ್‌ಗೆ ಮೊದಲೇ ಅನಸ್ತೇಷಿಯಾ ಡಾಕ್ಟರಿಗೂ ಸರ್ಜನ್‌ಗೂ ಅಪ್ಪನ ಬಾಯಿಂದಲೇ ಹೇಳಿಸಿ, ಕಡತದಲ್ಲಿ ಬರೆಸಿ.

ಗೊಂದಲ ತಡೆಯುವುದರಲ್ಲಿ ಮನೆಯವರ ಪಾತ್ರವೇ ದೊಡ್ಡದು. ಕನ್ನಡಕ, ಕಿವಿಯ ಯಂತ್ರ ಇದ್ದರೆ ಎಚ್ಚರವಾದ ಕೂಡಲೇ ಹಾಕಿ. ಹಗಲು ಪರದೆ ಸರಿಸಿ ಬೆಳಕು ಬಿಡಿ, ರಾತ್ರಿ ಸದ್ದು ಕಡಿಮೆ ಇರಲಿ. ಪರಿಚಿತ ಮುಖ ಒಂದು ಪಕ್ಕದಲ್ಲಿರಲಿ. ನಿದ್ರೆ ಬರುತ್ತಿಲ್ಲ ಅಂದ ತಕ್ಷಣ ಡಯಾಜೆಪಾಮ್ ಜಾತಿಯ ಮಾತ್ರೆ ಕೊಡಲು ಬಂದರೆ ಬೇರೆ ದಾರಿ ಇದೆಯಾ ಅಂತ ಕೇಳಿ. ಮಲಬದ್ಧತೆ, ಮೂತ್ರ ಕಟ್ಟುವುದು, ನೋವು, ಇವೆಲ್ಲ ಮುದುಕರಲ್ಲಿ ಗೊಂದಲವಾಗಿ ಕಾಣಿಸಿಕೊಳ್ಳುತ್ತವೆ. ಗೊಂದಲ ಕೂಗಾಟವಾಗಿಯೇ ಬರಬೇಕಿಲ್ಲ. ಸುಮ್ಮನೆ ಮಂಕಾಗಿ ಮಲಗಿದ್ದರೂ ಅದೇ ಇರಬಹುದು. ಆ ತರಹದ್ದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಎದೆಗೂಡು:
ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಎದೆಬಡಿತ ತಾಳ ತಪ್ಪಬಹುದು, ಏಟ್ರಿಯಲ್ ಫಿಬ್ರಿಲೇಷನ್. ವಯಸ್ಸಾದವರಲ್ಲಿ ಇದು ತುಂಬಾ ಸಾಮಾನ್ಯ, ಬಹುಪಾಲು ಔಷಧಿಗೆ ಸರಿಹೋಗುತ್ತದೆ. ಹೃದಯಾಘಾತ ಅಂತ ಗಾಬರಿಯಾಗಬೇಡಿ. ಬಿಪಿ, ಎದೆಬಡಿತಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಮೊದಲಿಂದ ಇದ್ದರೆ ತಾವಾಗಿ ನಿಲ್ಲಿಸಬೇಡಿ. ನೋವಿಗೆ ಬೆನ್ನಿನ ಪಕ್ಕ ನರಗಳ ಹತ್ತಿರ ಕೊಡುವ ಬ್ಲಾಕ್ ಬಗ್ಗೆ ವಿಚಾರಿಸಿ, ಅದು ಕೊಟ್ಟರೆ ಮಾರ್ಫಿನ್ ಜಾತಿಯ ಔಷಧಿ ಕಡಿಮೆ ಸಾಕು. ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಪಾಪ ಅನ್ನಿಸಿದರೂ ತಡೆಯಬೇಡಿ.

ದೇವಕಣಗಿಲೆ:
ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ನಮ್ಮ ದೊಡ್ಡಪ್ಪನಿಗೆ ಇದರಲ್ಲಿ ಯಾವುದನ್ನೂ ಯಾರೂ ಕೇಳಿರಲಿಲ್ಲ, ಅಳೆದಿರಲಿಲ್ಲ. ನಿಮ್ಮ ಅಪ್ಪನಿಗೆ ಒಳ್ಳೆಯದಾಗಲಿ.

ಹಿರಿಮಗಳು:
ಆಪರೇಷನ್ ಆಗಿ ಮನೆಗೆ ಬಂದಿದ್ದೇವೆ. ಒಂದು ರಾತ್ರಿ ಗೊಂದಲ ಆಯಿತು, ಯಾವ ಊರಲ್ಲಿದ್ದೇನೆ ಅಂತ ಕೇಳುತ್ತಿದ್ದರು. ಕನ್ನಡಕ ಹಾಕಿ ಅಮ್ಮ ಕೈ ಹಿಡಿದು ಕೂತರು, ಬೆಳಿಗ್ಗೆ ಹೊತ್ತಿಗೆ ತಿಳಿಯಾದರು. ಎದೆಬಡಿತ ತಪ್ಪಲಿಲ್ಲ. ಗಂಟುಗಳಲ್ಲಿ ಕ್ಯಾನ್ಸರ್ ಇಲ್ಲ, ಅಂಚೂ ಸ್ವಚ್ಛ ಅಂತ ರಿಪೋರ್ಟ್ ಬಂತು. ಸ್ನಾನಕ್ಕೆ ಈಗಲೂ ಒಬ್ಬರು ಬೇಕು, ಮಹಡಿ ಹತ್ತಲು ಆಗುತ್ತಿಲ್ಲ. ಇದು ಸಹಜವಾ? ಕೀಮೋ ಏನಾದರೂ ಬೇಕಾಗುತ್ತದಾ?

ಎದೆಗೂಡು:
ಸಹಜ. ಈ ವಯಸ್ಸಿನಲ್ಲಿ ಮೂರು ತಿಂಗಳವರೆಗೂ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ದಿಕ್ಕು ಮೇಲ್ಮುಖವಾಗಿದೆಯಾ ಅಂತ ವಾರಕ್ಕೊಮ್ಮೆ ನೋಡಿ. ನಿನ್ನೆಗಿಂತ ಇವತ್ತು ಉಸಿರು ಏಕಾಏಕಿ ಹೆಚ್ಚು ಕಟ್ಟಿದರೆ, ಜ್ವರ ಬಂದರೆ, ಒಂದು ಕಾಲು ಊದಿಕೊಂಡರೆ ಅವತ್ತೇ ಕರೆದುಕೊಂಡು ಹೋಗಿ.

2 ಸೆಂಟಿಮೀಟರ್ ಒಳಗಿನ ಗಡ್ಡೆ, ಗಂಟು ಸ್ವಚ್ಛ, ಅಂಚು ಸ್ವಚ್ಛ ಇದ್ದಾಗ ಕೀಮೋ ಕೊಡುವುದಿಲ್ಲ. ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ಎದೆಯ ಸಿಟಿ, ಆಮೇಲೆ ವರ್ಷಕ್ಕೊಮ್ಮೆ. ಮೊದಲ ಸಿಟಿಯಲ್ಲಿ ಹೊಲಿಗೆಯ ಜಾಗ ದಪ್ಪವಾಗಿ ಕಾಣುತ್ತದೆ, ಅದನ್ನು ನೋಡಿ ಹೊಸ ಗಡ್ಡೆ ಅಂದುಕೊಂಡು ಹೆದರಬೇಡಿ, ಹಳೆಯ ಸಿಡಿಯನ್ನೂ ಜೊತೆಗೆ ಕೊಂಡೊಯ್ಯಿರಿ.